ಮರೆವ್ವ ಕುಡಿಯುತ್ತಿದ್ದ ನೀರು

ನನ್ನ ಅತ್ತೆಯನ್ನು ಹೊಗಳಿ ಬರೆಯುವ ದಿನ ಬರುತ್ತದೆಂದು ನಾನು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಸೊಸೆಯಾದವಳು ಅತ್ತೆಯ ಗುಣಗಾನಕ್ಕೆ ಕೂತರೆ ಓದುವವರು ಒಳಗೊಳಗೇ ನಗುತ್ತಾರೆ. ನಗಲಿ. ಬನಹಟ್ಟಿಯ ನಮ್ಮ ಓಣಿಯಲ್ಲಿ ಮರೆವ್ವ ಎಂದರೆ ಗೊತ್ತಿಲ್ಲದವರಿರಲಿಲ್ಲ. ಸಣ್ಣ ಆಳು, ಒಣಗಿದ ಮೈ, ಬೆರಳುಗಳು ಮಾತ್ರ ಉದ್ದ. ಆ ಬೆರಳಿಗೆ ಬೂದಿ ಹಚ್ಚಿಕೊಂಡು ನೂಲಿನ ಎಳೆಗೆ ಎಳೆ ಹೊಸೆದಳೆಂದರೆ ಎಲ್ಲಿ ಕೂಡಿಸಿದ್ದೆಂದು ಕಣ್ಣಿಗೆ ಕಾಣುತ್ತಿರಲಿಲ್ಲ. ಆಕೆಯ ಮಗ ಇನಾಸಪ್ಪನನ್ನು ಮದುವೆಯಾಗಿ ನಾನು ಧಾರವಾಡದಿಂದ ಬಂದಾಗ ಜಮಖಂಡಿ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ನಾಲ್ಕು ವರ್ಷವಾಗಿತ್ತು.

ಕ್ರೈಸ್ತರ ಓಣಿ ಎಂದು ಹೆಸರು ದೊಡ್ಡದು, ಇದ್ದದ್ದು ಬೆರಳೆಣಿಕೆಯ ಮನೆಗಳು. ಎಲ್ಲರೂ ನೇಕಾರರು. ಇವರ ಹಿರಿಯರು ಯಾವಾಗಲೋ ಮುದಗಲ್ಲಿನ ಕಡೆಯಿಂದ ಬಂದವರಂತೆ. ಇಗರ್ಜಿ ಇರಲಿಲ್ಲ. ಪಾದ್ರಿ ಸ್ವಾಮಿಗಳು ವರ್ಷದಲ್ಲಿ ಎರಡೋ ಮೂರೋ ಸಲ ಬಸ್ಸಿನಲ್ಲಿ ಬಂದು, ಸಂಜೆ ಎಲ್ಲರ ಪಾಪನಿವೇದನೆ ಕೇಳಿ, ಮರುದಿನ ಬೆಳಿಗ್ಗೆ ನಮ್ಮ ಪಡಸಾಲೆಯಲ್ಲೇ ಪೂಜೆ ಮಾಡಿ, ಪರಮಪ್ರಸಾದ ಕೊಟ್ಟು ಮುಧೋಳದ ಕಡೆ ಹೋಗಿಬಿಡುತ್ತಿದ್ದರು. ಉಳಿದ ದಿನಗಳಲ್ಲಿ ಓಣಿಯ ಧರ್ಮದ ಭಾರವೆಲ್ಲ ಮರೆವ್ವನ ಹೆಗಲ ಮೇಲೆ. ಸಂಜೆ ಜಪಸರ ಹೇಳಿಸುವವಳು ಆಕೆ, ಮಕ್ಕಳಿಗೆ ಧರ್ಮದ ಪಾಠ ಹೇಳುವವಳು ಆಕೆ, ಸಾಯುವವರ ಪಕ್ಕ ಕೂತು ಕೈ ಹಿಡಿದು ಪ್ರಾರ್ಥನೆ ಹೇಳುವವಳೂ ಆಕೆಯೇ. ನಾನು ಬರುವ ಮುಂಚಿನ ವರ್ಷ ವಾಂತಿಭೇದಿ ಬಂದು ಜನ ಬಾಗಿಲು ಹಾಕಿಕೊಂಡಿದ್ದಾಗ ಆಕೆಯೊಬ್ಬಳೇ ಮನೆಮನೆಗೆ ಹೋಗಿ ಹುಡುಗರ ಹೊಲಸು ಬಳಿದಿದ್ದಳಂತೆ. ಇಷ್ಟೆಲ್ಲ ಕೇಳಿ ನನಗೆ ಭಕ್ತಿ ಬರಬೇಕಿತ್ತು, ಬಂದದ್ದು ಸಿಡುಕು. ಮನೆಯಲ್ಲಿ ಒಬ್ಬ ಸಂತಳಿದ್ದರೆ ಸೊಸೆ ಬಾಯಿ ತೆರೆದು ನಕ್ಕರೂ ತಪ್ಪಾಗುತ್ತದೆ.

ಆದರೆ ಪಾಠ ಮಾತ್ರ ಚಂದ ಹೇಳುತ್ತಿದ್ದಳು. ಒಲೆಯ ಮುಂದೆ ಕೂತು ನಾನೂ ಕಿವಿ ಕೊಡುತ್ತಿದ್ದೆ.

"ಪಾಪದಾಗ ಎರಡು ನಮೂನಿ ಐತಿ," ಎನ್ನುತ್ತಿದ್ದಳು. "ಸಣ್ಣ ಪಾಪ ಅಂದ್ರ ಒಂದು ಎಳಿ ಹರದಂಗ. ಅರಿವಿ ಬರತೈತಿ, ಚಂದ ಕೆಡತೈತಿ. ಸಾವಿನ ಪಾಪ ಅಂದ್ರ ಹಾಸು ಪೂರಾ ಕಡದಂಗ. ತಪ್ಪು ದೊಡ್ಡದಿರಬೇಕು, ತಪ್ಪಂತ ಗೊತ್ತಿರಬೇಕು, ಗೊತ್ತಿದ್ದೂ ಬೇಕಂತ ಮಾಡಿರಬೇಕು. ಅವು ಎಲ್ಲಾ ಕೂಡಿದ್ರ ದೇವರ ವರಪ್ರಸಾದ ಹೋಗತೈತಿ, ಜೀವ ಸಾಯತೈತಿ. ಆಮ್ಯಾಲೆ ನೀವು ಲಾಳಿ ಎಷ್ಟರ ಒಗೀರಿ, ಅರಿವಿ ಹುಟ್ಟಂಗಿಲ್ಲ. ಉಪಾಸ ಮಾಡ್ರಿ, ಜಪಸರಾ ಹೇಳ್ರಿ, ಸ್ವರ್ಗಕ್ಕ ಒಂದು ಗೇಣೂ ಆಗಂಗಿಲ್ಲ. ಅಂಥಾವ್ರು ಪ್ರಸಾದ ಮುಟ್ಟಿದ್ರ ಮತ್ತೊಂದು ಪಾಪ. ಹಂಗ ಸತ್ತ್ರ ನರಕ."

ಮಕ್ಕಳಿಗೆ ಮಗ್ಗ ಗೊತ್ತು. ಉದ್ದಕ್ಕೆ ಬಿಗಿದ ಹಾಸು ಇಲ್ಲದೆ ಅಡ್ಡ ಓಡುವ ಲಾಳಿಗೆ ಅರ್ಥವಿಲ್ಲ ಎಂಬುದನ್ನು ಅವುಗಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಮೊದಲ ನೇದದ್ದು ಏನಾಗತೈತ್ರಿ?" ಎಂದು ಒಂದು ಹುಡುಗಿ ಕೇಳಿತ್ತು.

"ಅದು ಸುತ್ತಿಟ್ಟಲ್ಲೇ ಇರತೈತಿ, ನಿನಗ ಸಿಗಂಗಿಲ್ಲ. ಪಾಪ ಹೇಳಿಕೊಂಡು, ಕೆಡಿಸಿದ್ದನ್ನ ಸರಿ ಮಾಡಿ, ಹಾಸು ಹೊಳ್ಳಿ ಕೂಡಿಸಿದ್ರ ಸಿಗತೈತಿ."

"ಹಾಸು ಕಡದಿದ್ದಾಗ ಮಾಡಿದ ಕೆಲಸಾರಿ?"

"ಅದು ಹೋತು."

"ಜೀವ ಸತ್ತಾವ್ರು ಅಡ್ಡಾಡತಾರೇನ್ರಿ?" ಎಂದು ಇನ್ನೊಂದು ಕೇಳಿತು. ಮಕ್ಕಳೆಲ್ಲ ನಕ್ಕವು. ಅತ್ತೆ ನಗಲಿಲ್ಲ.

"ಅಡ್ಡಾಡತಾರ. ಅಡಿಗಿ ಮಾಡತಾರ, ಜಪಸರಾನೂ ಹೇಳಸತಾರ. ನೋಡಿದಾವ್ರಿಗೆ ಗೊತ್ತಾಗಂಗಿಲ್ಲ," ಎಂದು ಹೇಳಿ ಮಕ್ಕಳನ್ನು ಮನೆಗೆ ಕಳಿಸಿದಳು.

ಆಗಿನ ಒಂದು ಕಟ್ಟಳೆ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಪರಮಪ್ರಸಾದ ತೆಗೆದುಕೊಳ್ಳುವವರು ನಡುರಾತ್ರಿಯಿಂದ ಏನೂ ತಿನ್ನಬಾರದು, ಒಂದು ಹನಿ ನೀರೂ ಕುಡಿಯಬಾರದು. ಸ್ವಾಮಿಗಳು ಬಂದ ಮರುದಿನ ಇಡೀ ಓಣಿ ಒಣಗಿದ ಬಾಯಿಯಲ್ಲಿ ಏಳುತ್ತಿತ್ತು. ನಾನು ಮದುವೆಯಾಗಿ ಬಂದ ಮೇಲೆ ಅವರು ಮೊದಲ ಸಲ ಬಂದಾಗ, ಪೂಜೆಗೆ ಮೊದಲು, ಅತ್ತೆ ಎಲ್ಲರೆದುರಿಗೇ ಹರವಿಯಿಂದ ಒಂದು ತಂಬಿಗೆ ನೀರು ತುಂಬಿಕೊಂಡು ಗಟಗಟ ಕುಡಿದಳು. "ಅಯ್ಯ, ಮರತು ನೀರು ಕುಡದಳ ನೋಡ್ರಿ ಮರೆವ್ವ! ರಾತ್ರಿಯೆಲ್ಲಾ ಸ್ವಾಮ್ಯಾರ ಅಡಿಗಿ ಮಾಡಿ ದಣಿದಾಳ," ಎಂದು ಹೆಂಗಸರು ಮರುಗಿದರು. ಪ್ರಸಾದದ ಹೊತ್ತಿಗೆ ಆಕೆ ಬಾಣಂತಿಯರ ಕೂಸುಗಳನ್ನು ಎತ್ತಿಕೊಂಡು ಹಿಂದೆ ನಿಂತಿದ್ದಳು. ನಾನೂ ಮರುಗಿದೆ. ಮುಂದಿನ ಸಲ ಮತ್ತೆ ಕುಡಿದಾಗ ಮರುಗಲಿಲ್ಲ. ಕೂಡಿಸಿದ ಒಂದು ಎಳೆಯನ್ನೂ ಮರೆಯದ ಹೆಂಗಸು ಇದೊಂದನ್ನು ಪ್ರತಿ ಸಲ ಹೇಗೆ ಮರೆಯುತ್ತಾಳೆ? ಆಮೇಲೆ ನೆನಪಾಯಿತು, ಮರೆತೆ ಎಂದು ಆಕೆ ತನ್ನ ಬಾಯಿಂದ ಒಂದು ಸಲವೂ ಹೇಳಿರಲಿಲ್ಲ. ಹೇಳಿದವರೆಲ್ಲ ಬೇರೆಯವರು.

ನಾನು ಏನೂ ಕೇಳಲಿಲ್ಲ. ಅತ್ತೆಯ ಗುಟ್ಟು ಅತ್ತೆಯ ಹತ್ತಿರ ಇರಲಿ, ನನಗೆ ಬೇಕಾದದ್ದು ಮಗ್ಗ. ನನ್ನ ಗಂಡ ಅಲ್ಲಿಯವರೆಗೆ ಸಾಹುಕಾರ ಶಿವಯೋಗೆಪ್ಪನವರ ಕೊಟ್ಟಿಗೆಯಲ್ಲಿ ಅವರ ಮಗ್ಗದಲ್ಲಿ ನೇಯುತ್ತಿದ್ದ. ಐವತ್ತಮೂರನೆಯ ಇಸವಿಯಲ್ಲಿ ರಬಕವಿಯಿಂದ ಒಂದು ಹಳೆಯ ಮಗ್ಗವನ್ನು ಬಿಚ್ಚಿ ಗಾಡಿಯಲ್ಲಿ ಹೇರಿಕೊಂಡು ಬಂದು ನಮ್ಮ ಮನೆಯಲ್ಲೇ ಹೂಡಿದೆವು. ಹಾಸು ಸಾಹುಕಾರರದು, ನೇಯುವುದು ನಮ್ಮದು. ಇನ್ನು ನನ್ನ ಗಂಡ ಮನೆಯಲ್ಲೇ ಕೂತು ನೇಯುತ್ತಾನೆ, ನಾನು ಲಾಳಿಗೆ ನೂಲಿನ ಕಂಡಿಕೆ ಸುತ್ತಿ ಕೊಡುತ್ತೇನೆ ಎಂದು ನನಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಮಗ್ಗಕ್ಕೆ ಹೊಸ ಹಾಸು ಏರಿಸುವುದಕ್ಕೆ ಅಲ್ಲಿ ಒಂದು ಪದ್ಧತಿ ಇತ್ತು. ಮಗ್ಗದಲ್ಲಿ ಉಳಿದ ಹಳೆಯ ಎಳೆಗಳ ತುದಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಕೂಡಿಸಬೇಕು. ಅದರಲ್ಲಿ ಮೊದಲ ಎಳೆಯನ್ನು ಹೊತ್ತು ಮೂಡುವಾಗ ಕೈಗುಣ ಒಳ್ಳೆಯದಿರುವ ಹೆಂಗಸು ಕೂಡಿಸಬೇಕು. ಮುತ್ತೈದೆ, ವಿಧವೆ, ಜಾತಿ ಯಾವುದೂ ಅದಕ್ಕೆ ಅಡ್ಡ ಬರುತ್ತಿರಲಿಲ್ಲ. ಕೈಗುಣವೊಂದೇ. ಊರಿಗೆಲ್ಲ ಮೊದಲೆಳೆಗೆ ಕರೆಯುತ್ತಿದ್ದದ್ದು ಮರೆವ್ವನನ್ನು. ನಮ್ಮ ಮಗ್ಗಕ್ಕೂ ಆಕೆಯೇ ಎಂದು ಎಲ್ಲರೂ ತಿಳಿದಿದ್ದರು. ಸ್ವಾಮಿಗಳು ಬಂದ ಮರುದಿನ ಬೆಳಿಗ್ಗೆ ಮೊದಲೆಳೆ, ಅವರಿಂದ ಮಗ್ಗಕ್ಕೆ ಆಶೀರ್ವಾದ, ಆಮೇಲೆ ಪೂಜೆ ಎಂದು ಗೊತ್ತುಮಾಡಿದೆವು. ಸಾಹುಕಾರರೂ ಬರುತ್ತೇನೆಂದರು.

ಸ್ವಾಮಿಗಳು ಬಂದ ಸಂಜೆ ಜಪಸರ ಮುಗಿದ ಮೇಲೆ ಒಂದು ಸುದ್ದಿ ಹೇಳಿದರು. ರೋಮಿನಿಂದ ಪೋಪರ ಅಪ್ಪಣೆ ಬಂದಿದೆ, ಇನ್ನು ಮುಂದೆ ಬರೀ ನೀರು ಕುಡಿದರೆ ಉಪವಾಸ ಮುರಿಯುವುದಿಲ್ಲ, ನೀರು ಕುಡಿದವರೂ ಪರಮಪ್ರಸಾದ ತೆಗೆದುಕೊಳ್ಳಬಹುದು. ಓಣಿಗೆ ಹಬ್ಬವೇ ಆಯಿತು. "ಮರೆವ್ವಾ, ಪೋಪ ಸ್ವಾಮ್ಯಾರು ನಿನ್ನ ಸಲುವಾಗೇ ಈ ಹುಕುಂ ಮಾಡ್ಯಾರ ನೋಡು!" ಎಂದು ಯಾರೋ ಚೇಷ್ಟೆ ಮಾಡಿದರು. ಎಲ್ಲರೂ ನಕ್ಕರು. ನಾನು ಅತ್ತೆಯ ಮುಖ ನೋಡಿದೆ. ಆಕೆ ಎದ್ದು ಅಡುಗೆಮನೆಗೆ ಹೋದಳು.

ನಸುಕಿನಲ್ಲಿ ನಾನು ಎದ್ದಾಗ ಆಕೆ ಒಲೆಯ ಹತ್ತಿರ ನಿಂತಿದ್ದಳು. ಕೈಯಲ್ಲಿ ಒಂದು ತುಂಡು ತಂಗಳ ರೊಟ್ಟಿ.

"ಅತ್ತೀ, ಅದನ್ನ ತಿನಬ್ಯಾಡ್ರಿ. ಇವತ್ತರ ಪ್ರಸಾದ ತಗೋರಿ," ಎಂದೆ.

"ಇನ್ನ ನೀರಿಂದ ಕೆಲಸ ಆಗಂಗಿಲ್ಲ, ರೊಟ್ಟಿ ತಿನ್ನೂಣು ಅಂತ ಮುರಕೊಂಡೆ," ಎಂದಳು. "ಗಂಟಲದಾಗ ಇಳೀವಲ್ದು ಯವ್ವಾ."

ರೊಟ್ಟಿಯನ್ನು ಬುಟ್ಟಿಗೆ ಹಾಕಿ ಹೊಸ್ತಿಲ ಮೇಲೆ ಕೂತಳು. ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದಳು.

ಸಂಸ್ಥಾನ ಹೋದ ವರ್ಷ ಶಿವಯೋಗೆಪ್ಪನವರ ಮಗಳ ಮದುವೆಯ ಸೀರೆಗಳಿಗೆ ಹಾಸು ತಯಾರಾಗುತ್ತಿತ್ತು. ನೂಲಿಗೆ ಹಚ್ಚುವ ಗಂಜಿ ಕಾಯಿಸುವವಳು ಹೊಳೆವ್ವ, ಬೀರೇಶ್ವರನ ಒಕ್ಕಲಿನ ಕುರುಬರ ಹೆಂಗಸು. ಆಗ ಊರಿನ ಮೊದಲೆಳೆಯ ಕೈ ಅವಳದಾಗಿತ್ತು. ಗಂಜಿ ಹಚ್ಚಿದ ಹಾಸನ್ನು ಓಣಿಯುದ್ದಕ್ಕೂ ಚಾಚಿ ಒಣಗಿಸಿ ಸುತ್ತಿಡುವ ಕೆಲಸ ಮರೆವ್ವನದು. ಅದು ಅಕ್ಟೋಬರ್, ಜಪಸರದ ತಿಂಗಳು. ಮೋಡ ಕವಿದಿತ್ತು, ಹಾಸು ಇನ್ನೂ ಹಸಿಯಿತ್ತು. ಸಂಜೆ ಜಪಸರಕ್ಕೆ ತಡವಾಯಿತೆಂದು ಮರೆವ್ವ ಹಸಿ ಹಾಸನ್ನೇ ಸುತ್ತಿಟ್ಟು ಓಡಿ ಬಂದಳು. ಕೆಲವು ದಿನದ ಮೇಲೆ ಬಿಚ್ಚಿ ನೋಡಿದರೆ ಬೂಷ್ಟು ಹಿಡಿದು ಎಳೆಗಳು ಕೊಳೆತಿದ್ದವು. ಮದುವೆಯ ಹಾಸು ಕೊಳೆಯುವುದೆಂದರೆ ಸಣ್ಣ ಮಾತಲ್ಲ. ಸಾಹುಕಾರರು ಎಲ್ಲರನ್ನೂ ನಿಲ್ಲಿಸಿಕೊಂಡು ಹಸಿ ಹಾಸು ಸುತ್ತಿದವರು ಯಾರೆಂದು ಕೇಳಿದರು.

"'ಹೊಳೆವ್ವ ಸುತ್ತಿದ್ಳರಿ' ಅಂದೆ," ಎಂದಳು ಅತ್ತೆ. "ಅಂಜಿ ಬಾಯಿ ತಪ್ಪಿ ಬಂದ ಮಾತಲ್ಲ ಅದು. ಯಾರ ಹೆಸರು ಹೇಳಲಿ ಅಂತ ವಿಚಾರ ಮಾಡೇ ಹೇಳಿದೆ. 'ನಾ ಹೊತ್ತು ಇಳಿಯೂಕಿಂತ ಮೊದಲ ಮನಿಗೆ ಹೋಗೇನಿ, ಮರೆವ್ವ ಸುತ್ಯಾಳ' ಅಂತ ಹೊಳೆವ್ವ ಒದರಿದ್ಳು. ಒಬ್ಬರೂ ನಂಬಲಿಲ್ಲ. ದಿನಾ ದೇವರ ಹೆಸರು ಹೇಳೂ ಮರೆವ್ವ ಸುಳ್ಳು ಹೇಳತಾಳೇನು ಅಂದ್ರು."

ಹೊಳೆವ್ವನ ಕೈ ಕೆಟ್ಟ ಕೈ ಎಂದು ಊರಲ್ಲಿ ಮಾತಾಯಿತು. ಅವಳ ಕೈ ತಗಲಿದರೆ ಹಾಸು ಕೊಳೆಯುತ್ತದೆ ಎಂದರು. ಮೊದಲೆಳೆಗೆ ಕರೆಯುವುದಿರಲಿ, ಮಗ್ಗದ ಮನೆಯ ಹೊಸ್ತಿಲನ್ನೂ ತುಳಿಯಗೊಡಲಿಲ್ಲ. ಅವಳ ಜಾಗಕ್ಕೆ ಮರೆವ್ವನನ್ನು ಕರೆಯತೊಡಗಿದರು.

"ಸ್ವಾಮ್ಯಾರ ಮುಂದ ಹೇಳಿಕೊಂಡಿದ್ರ ಮುಗದು ಹೋಗತಿತ್ತಲ್ರಿ," ಎಂದೆ.

"ಹೆಂಗ ಮುಗೀತೈತಿ? ಆಕಿ ಹೆಸರು ಕಳದೀ, ಹೊಳ್ಳಿ ಕೊಟ್ಟು ಬಾ ಅಂತಾರ. ಕೊಡತೇನಿ ಅಂತ ಬಾಯಿಲೆ ಅಂದು, ಕೊಡಾಕ ಎದಿ ಇರಲಿಲ್ಲಂದ್ರ ಅದು ದೇವರ ಮುಂದ ಮತ್ತೊಂದು ಸುಳ್ಳು. ಒಂದು ಸುಳ್ಳು ಸಾಕಾಗೇತಿ ನನಗ. ಸ್ವಾಮ್ಯಾರು ಪಾಪ ಕೇಳೂ ಹೊತ್ತಿಗೆ ಅಡಿಗಿ ನೆವಾ ಮಾಡಿ ಒಳಗ ಇದ್ದುಬಿಡತಿದ್ದೆ. ಅವತ್ತಿಂದ ಸತ್ತ ಜೀವ ಹೊತ್ತುಕೊಂಡು ಅಡ್ಡಾಡಾಕತ್ತೇನಿ. ಮಲಗಿದಲ್ಲೇ ಹೋದ್ರ ನನ್ನ ಗತಿ ಏನು ಅಂತ ದಿನಾ ಅಂಜತೇನಿ. ಪ್ರಸಾದ ಮುಟ್ಟಬಾರದಂತ ನೀರು ಕುಡದು ಕುಡದು ದೇವರಿಂದ ತಪ್ಪಿಸಿಕೊಂಡೆ. ಈಗ ಆ ನೀರೂ ಹೋತು."

ಆಮೇಲೆ ಆಕೆ ಹೇಳಿದ್ದು ಕೇಳಿ ನನ್ನ ಸಿಟ್ಟು ನೆತ್ತಿಗೇರಿತು. ಹೊಳೆವ್ವನನ್ನು ಕರೆದು ತಂದು, ಇವತ್ತೇ, ಸಾಹುಕಾರರ ಎದುರಿಗೇ ಹೇಳುತ್ತಾಳಂತೆ! ಹಾಸು ಅವರದು. ಎತ್ತಿಕೊಂಡು ಹೋದರೆ ನನ್ನ ಮಗ್ಗ ಬರೀ ಕಟ್ಟಿಗೆ.

"ಇವತ್ತ ಬ್ಯಾಡ್ರಿ ಅತ್ತೀ. ಸಾವ್ಕಾರ್ರು ಹಾಸು ಹೊಳ್ಳಿ ಒಯ್ದ್ರ?"

"ಅದಕ್ಕ ನಿನ್ನ ಕೇಳಾಕತ್ತೇನಿ," ಎಂದಳು. "ಹೋದ್ರ ಹೋಗಲಿ ಅನ್ನಾಕ ಮಗ್ಗ ನಂದಲ್ಲ, ನಿಮ್ಮಿಬ್ಬರದು. ನೀ ಬ್ಯಾಡ ಅಂದ್ರ ಮುಂದಿನ ಸರ್ತಿ ಸ್ವಾಮ್ಯಾರು ಬಂದಾಗ ಹೇಳತೇನಿ. ಅಲ್ಲೀತನಕ ನಾ ಇದ್ರ."

ನಾನು ಪುಣ್ಯಾತ್ಮಳಂತೆ ಒಪ್ಪಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಆ ಕೊನೆಯ ಮಾತು ನನ್ನನ್ನು ಹೆದರಿಸಿತು. ಗಂಡನನ್ನು ಎಬ್ಬಿಸಿ ಹೇಳಿದೆ. ಅವನು ತಾಯಿಯ ಮುಖವನ್ನೊಮ್ಮೆ ಮಗ್ಗವನ್ನೊಮ್ಮೆ ನೋಡಿ, "ಹೋಗಿ ಬಾ ಯವ್ವಾ," ಎಂದಷ್ಟೇ ಹೇಳಿದ. ನಾನು ಸೆರಗು ಹೊದ್ದುಕೊಂಡು ಅತ್ತೆಯ ಹಿಂದೆ ಹೊರಟೆ.

ಹೊಳೆವ್ವನ ಮನೆ ಊರಿನ ಅಂಚಿನಲ್ಲಿ, ಕುರಿಹಟ್ಟಿಯ ಪಕ್ಕ. ಅವಳು ಅಂಗಳದಲ್ಲಿ ಕೂತು ಕಂಬಳಿಯ ಉಣ್ಣೆ ನೂಲುತ್ತಿದ್ದಳು. ನಮ್ಮನ್ನು ನೋಡಿಯೂ ಏಳಲಿಲ್ಲ.

"ಏನ್ ಬೇ, ದಾರಿ ತಪ್ಪಿತೇನು?"

"ನಮ್ಮ ಮನ್ಯಾಗ ಮಗ್ಗಕ್ಕ ಹಾಸು ಏರಸಾಕತ್ತೇವಿ ಹೊಳೆವ್ವಾ. ನೀ ಬಂದು ಮೊದಲೆಳಿ ಕೂಡಿಸಬೇಕು."

"ನನ್ನ ಕೈ ಹತ್ತಿದ್ರ ಹಾಸು ಕೊಳೀತೈತಿ. ನೀನ ಹೇಳಿದ್ದಿ."

"ಹೌದು, ನಾನ ಹೇಳಿದ್ದೆ. ಹೇಳಿದ ಜಾಗಾದಾಗ ಹೊಳ್ಳಿ ಹೇಳತೇನಿ, ಬಾ."

ಹೊಳೆವ್ವ ಕೈಯಲ್ಲಿದ್ದ ಉಣ್ಣೆಯನ್ನು ಪೂರಾ ನೂತು ಮುಗಿಸಿದಳು. ಕೊನೆಗೆ ಎದ್ದು ಕಂಬಳಿ ಹೆಗಲಿಗೆ ಹಾಕಿಕೊಂಡು ಬಂದಳು.

ನಮ್ಮ ಮನೆಯಲ್ಲಿ ಜನ ನೆರೆದಿತ್ತು. ಶಿವಯೋಗೆಪ್ಪನವರು ಹೊರಸಿನ ಮೇಲೆ ಕೂತಿದ್ದರು. ಸ್ವಾಮಿಗಳು ಮಗ್ಗದ ಹತ್ತಿರ ನಿಂತಿದ್ದರು. ಹೊಳೆವ್ವ ಒಳಗೆ ಕಾಲಿಡುತ್ತಲೇ ನೇಕಾರರಲ್ಲಿ ಗುಜುಗುಜು ಎದ್ದಿತು. ಅತ್ತೆ ನಡುವೆ ಬಂದು ನಿಂತಳು. ಅಳಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಮಕ್ಕಳಿಗೆ ಪಾಠ ಹೇಳುವ ದನಿಯಲ್ಲೇ ಹೇಳಿದಳು.

"ಸಾವ್ಕಾರ್ರ, ನಿಮ್ಮ ಮಗಳ ಮದಿವಿ ಹಾಸು ಹಸೀದು ಇದ್ದಾಗ ಸುತ್ತಿದಾಕಿ ನಾನು. ಹೊಳೆವ್ವ ಅಲ್ಲೆ ಇರಲೇ ಇಲ್ಲ. ಗೊತ್ತಿದ್ದೂ ಆಕಿ ಹೆಸರು ಹೇಳಿದೆ. ಆಕಿ ಕೈ ಛಲೋ ಐತಿ. ಖರೆ ಹಾಸು ಕೆಡಿಸಿದ್ದು ನನ್ನ ಕೈ, ಅದನ್ನ ನೀವೆಲ್ಲಾ ಇಷ್ಟು ವರ್ಷ ಮೊದಲೆಳಿಗೆ ಕರದೀರಿ. ಈ ಮಾತು ನೀವು ಊರಾಗೆಲ್ಲಾ ಹೇಳ್ರಿ."

ಒಬ್ಬ ತಾಯಿ ಅತ್ತೆಯ ಹತ್ತಿರ ನಿಂತಿದ್ದ ತನ್ನ ಮಗಳನ್ನು ರಟ್ಟೆ ಹಿಡಿದು ಎಳೆದುಕೊಂಡಳು. ಸಾಹುಕಾರರ ಮುಖ ಕೆಂಪಾಗಿತ್ತು.

"ನಿನ್ನ ಮಾತು ನಂಬಿ ಒಬ್ಬಾಕಿ ಹೊಟ್ಟಿ ಮ್ಯಾಲ ಹೊಡದೆ ನಾನು," ಎಂದರು. "ಹಾಸು ಇಲ್ಲೇ ಇರಲಿ, ನಿನ್ನ ಮಗಂದೇನು ತಪ್ಪಿಲ್ಲ. ಆದ್ರ ಇನ್ನ ಮ್ಯಾಲ ನನ್ನ ಯಾವ ಹಾಸಿಗೂ ನಿನ್ನ ಕೈ ಹತ್ತಬಾರದು ಮರೆವ್ವಾ."

"ಆತ್ರಿ," ಎಂದಳು ಅತ್ತೆ. ಎಳೆ ಕೂಡಿಸುವುದು ಆಕೆಗೆ ಬರೀ ಕೆಲಸವಾಗಿರಲಿಲ್ಲ, ಆಕೆಯ ಹೆಮ್ಮೆಯಾಗಿತ್ತು. ಅದನ್ನು ಒಂದೇ ಮಾತಿನಲ್ಲಿ ಬಿಟ್ಟುಕೊಟ್ಟಳು.

ಹೊಳೆವ್ವ ಆಗ ಬಾಯಿ ತೆರೆದಳು. "ಇಷ್ಟು ವರ್ಷ ಸುಮ್ಮನಿದ್ದಿ. ಇವತ್ತ್ಯಾಕ ಹೇಳಿದಿ?"

"ನನ್ನ ಜೀವ ಸತ್ತಿತ್ತು ಹೊಳೆವ್ವಾ."

"ನನ್ನ ಹೆಸರೂ ಸತ್ತಿತ್ತು," ಎಂದಳು ಹೊಳೆವ್ವ. "ಕ್ಷಮಾ ಗಿಮಾ ನಿಮ್ಮ ಸ್ವಾಮ್ಯಾರು ಕೊಡಲಿ. ನಾ ಎಳಿ ಕೂಡಿಸಿ ಹೋಗತೇನಿ."

ಮಗ್ಗದ ಮುಂದೆ ಕೂತು, ಬೂದಿಯಲ್ಲಿ ಬೆರಳದ್ದಿ, ಹಳೆಯ ತುದಿಗೆ ಹೊಸ ತುದಿಯಿಟ್ಟು ಹೊಸೆದಳು. ಅಷ್ಟು ವರ್ಷ ಮುಟ್ಟದಿದ್ದ ಬೆರಳು ಒಮ್ಮೆಯೂ ತಡವರಿಸಲಿಲ್ಲ. ಸ್ವಾಮಿಗಳು ಮಗ್ಗವನ್ನು ಆಶೀರ್ವದಿಸಿದರು. ಹೊಳೆವ್ವ ಯಾರ ಕಡೆಗೂ ನೋಡದೆ ಹೊರಟು ಹೋದಳು.

ಅತ್ತೆ ಮೂಲೆಯಲ್ಲಿ ಸ್ವಾಮಿಗಳ ಮುಂದೆ ಮೊಣಕಾಲೂರಿದಳು. ಆಕೆಯ ಪಾಪನಿವೇದನೆ ಬೇಗ ಮುಗಿಯಿತು, ಹೇಳಬೇಕಾದದ್ದನ್ನು ಓಣಿಯೇ ಕೇಳಿತ್ತು. ಪೂಜೆಯಲ್ಲಿ ಪರಮಪ್ರಸಾದಕ್ಕೆ ಮುಂದೆ ಬಂದಾಗ ಹೆಂಗಸರು ದಾರಿ ಬಿಟ್ಟರು, ಗೌರವದಿಂದಲೋ ಅಸಹ್ಯದಿಂದಲೋ ನನಗೆ ತಿಳಿಯಲಿಲ್ಲ. ಆಕೆಗೆ ಅದರ ಪರಿವೆಯೂ ಇರಲಿಲ್ಲ.

ಮಧ್ಯಾಹ್ನ ಉಣ್ಣುವಾಗ ನಾನು ತಡೆಯಲಾರದೆ ಕೇಳಿದೆ. "ಅತ್ತೀ, ನೀವ ಹೇಳಿದ ಪಾಠ. ಮೊದಲಿನ ಪುಣ್ಯ ಹೊಳ್ಳಿ ಬಂತು, ಖರೆ. ಈ ಐದು ವರ್ಷದ್ದು? ವಾಂತಿಭೇದಿಯಾಗ ಹುಡುಗೋರ ಹೊಲಸು ಬಳದದ್ದು?"

"ಅದು ಬರಂಗಿಲ್ಲ."

"ಬರಂಗಿಲ್ಲ ಅಂತ ಆವಾಗೂ ಗೊತ್ತಿತ್ತೇನ್ರಿ?"

"ಗೊತ್ತಿಲ್ದ ಹೆಂಗ? ನಾನ ಪಾಠಾ ಹೇಳಾಕಿ. ಅಂಥಾ ಕೆಲಸಾ ಮಾಡಿದ್ರ ದೇವರು ಒಂದಿನ ಮನಸ ತಿರುಗಿಸತಾನು ಅಂತ ಸ್ವಾಮ್ಯಾರು ಈಗ ಅಂದ್ರು. ಆವಾಗ ನನಗ ಅದೂ ತಿಳೀಲಿಲ್ಲ."

"ಮತ್ತ್ಯಾಕ ಮಾಡಿದ್ರಿ?"

ಅತ್ತೆ ನನ್ನನ್ನು ವಿಚಿತ್ರವಾಗಿ ನೋಡಿದಳು, ನಾನು ಕೇಳಬಾರದ್ದನ್ನು ಕೇಳಿದೆನೋ ಎಂಬಂತೆ. "ಹುಡುಗೋರು ಸಾಯಾಕತ್ತಿದ್ದುವಲ್ಲ ಬೇ," ಎಂದು ರೊಟ್ಟಿ ಮುರಿದಳು.

ನಾನು ಊಟ ಬಿಟ್ಟು ಹಿತ್ತಲಿಗೆ ಹೋಗಿ ಕಣ್ಣೀರು ಹಾಕಿದೆ. ಸ್ವರ್ಗದಲ್ಲಿ ಒಂದು ಗೇಣೂ ಸಿಗುವುದಿಲ್ಲವೆಂದು ಖಾತ್ರಿಯಾಗಿ ನಂಬಿದ ಹೆಂಗಸು ಅಷ್ಟು ವರ್ಷ ಬೇರೆಯವರಿಗೆ ಸ್ವರ್ಗದ ದಾರಿ ತೋರಿಸಿದ್ದಳು. ಪುಣ್ಯದ ಆಸೆಯಿಂದ ಒಳ್ಳೆಯದು ಮಾಡುವವರನ್ನು ನಾನು ಬಹಳ ನೋಡಿದ್ದೇನೆ. ಇಂಥವಳನ್ನು ಇನ್ನೊಬ್ಬಳನ್ನು ನೋಡಿಲ್ಲ. ಪಾಠದ ಆ ಒಂದು ಭಾಗವನ್ನು ನಾನು ಇವತ್ತಿಗೂ ಒಪ್ಪಿಲ್ಲ, ಮೇಲೆ ಹೋದಾಗ ಕೇಳುವವಳಿದ್ದೇನೆ.

ಅಲ್ಲಿಂದ ಮುಂದೆ ಯಾರೂ ಆಕೆಯನ್ನು ಮಗ್ಗಕ್ಕೆ ಕರೆಯಲಿಲ್ಲ. ಮನೆಯಲ್ಲಿ ಕೂತು ನನ್ನ ಜೊತೆ ಕಂಡಿಕೆ ಸುತ್ತಿದಳು. ಪಾಠಕ್ಕೆ ಬರುವ ಮಕ್ಕಳು ಕಡಿಮೆಯಾದವು, ಆಮೇಲೆ ಒಂದೊಂದಾಗಿ ತಿರುಗಿ ಬಂದವು. ಊರಿನ ಮೊದಲೆಳೆಗೆಲ್ಲ ಮತ್ತೆ ಹೊಳೆವ್ವನೇ. ನಮ್ಮ ಬಾಗಿಲ ಮುಂದೆಯೇ ಹಾದು ಹೋಗುತ್ತಿದ್ದಳು. ಅತ್ತೆ ಎದ್ದು ನಿಲ್ಲುತ್ತಿದ್ದಳು. ಅವಳು ತಿರುಗಿ ನೋಡುತ್ತಿರಲಿಲ್ಲ.

ಒಂದು ಹೇಳುವುದು ಬಿಟ್ಟೆ. ಆ ಕಾಲದಲ್ಲಿ ಕ್ರೈಸ್ತರೆಂದು ನಮ್ಮ ಓಣಿಯ ನೀರನ್ನು ಬೇರೆ ಜಾತಿಯವರು ಮುಟ್ಟುತ್ತಿರಲಿಲ್ಲ. ಹೊಳೆವ್ವ ಅತ್ತೆಯ ಜೊತೆ ಕೂಡಿ ಕೆಲಸ ಮಾಡುತ್ತಿದ್ದ ಸ್ನೇಹದ ದಿನಗಳಲ್ಲೂ ಕುಡಿದವಳಲ್ಲ.

ಮುಂದಿನ ವರ್ಷ ಬೇಸಿಗೆಯಲ್ಲಿ ಪಕ್ಕದ ಮನೆಯಲ್ಲಿ ಹಾಸು ಏರಿತು. ಮೊದಲೆಳೆ ಕೂಡಿಸಿ ಹೊಳೆವ್ವ ಹಿಂದಿರುಗುವಾಗ ಹೊತ್ತು ಏರಿತ್ತು. ನಮ್ಮ ಬಾಗಿಲಿಗೆ ಬಂದವಳು ನಿಂತಳು. ಕಟ್ಟೆಯ ಮೇಲೆ ಕೂತು ಕಂಬಳಿಯಿಂದ ಮುಖ ಒರೆಸಿಕೊಂಡಳು. ನಾನೂ ಅತ್ತೆಯೂ ಕಂಡಿಕೆ ಬಿಟ್ಟು ನೋಡುತ್ತ ಕೂತೆವು.

"ಮರೆವ್ವಾ," ಎಂದಳು, ರಸ್ತೆಯ ಕಡೆಗೇ ನೋಡುತ್ತ. "ಬಿಸಲು ಭಾಳ ಐತಿ. ಒಂದು ತಂಬಿಗಿ ನೀರು ಕೊಡು."

ಅತ್ತೆ ಹರವಿಯಿಂದ ನೀರು ತುಂಬಿ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟಳು. ಹೊಳೆವ್ವ ತಂಬಿಗೆ ಎತ್ತಿ ತಳ ಕಾಣುವವರೆಗೆ ಕುಡಿದಳು. ಊರ ಮುಂದೆ ನಿಂತು ತನ್ನ ಪಾಪ ಹೇಳುವಾಗ ಅಳದಿದ್ದ ನನ್ನ ಅತ್ತೆ ಆಗ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೂಸಿನಂತೆ ಅತ್ತಳು.